ಬುಟ್ಬುಡಿ ಅಂದವರು

ಅವರು ನನಗೆ ಹೇಳಿದ ಕೊನೆಯ ಮಾತು ‘ಬುಟ್ಬುಡಿ.’ ಏನನ್ನು ಬಿಡಬೇಕು, ಎಲ್ಲಿ ಬಿಡಬೇಕು, ಯಾಕೆ ಬಿಡಬೇಕು ಎನ್ನುವುದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ. ತಪ್ಪು ಅವರದಲ್ಲ, ನನ್ನ ಕುಕ್ಕರಿನದು. ಬೇಳೆಗೆ ಮೂರನೆಯ ಸೀಟಿ ಬರುವ ಹೊತ್ತಿಗೆ ಸರಿಯಾಗಿ ಅವರ ಫೋನು ಬಂತು. ‘ಅಮ್ಮಾರೆ, ನಿಮ್ ಡಬ್ಬ ನೋಡ್ದೆ’ ಎಂದರು. ಆಮೇಲೆ ಹೇಳಿದ್ದೆಲ್ಲ ಸೀಟಿಯಲ್ಲಿ ಹೋಯಿತು. ಸೀಟಿ ನಿಂತಾಗ ‘ಅಷ್ಟೆಯ, ಬುಟ್ಬುಡಿ’ ಎಂಬುದೊಂದೇ ಕೇಳಿಸಿತು. ನಾನು ಮರ್ಯಾದೆಗೆ ‘ಆಗಲಿ’ ಎಂದೆ. ಕೇಳಿಸದ ಮಾತನ್ನು ಇನ್ನೊಮ್ಮೆ ಹೇಳಿ ಅನ್ನುವುದು ನನಗೆ ಚಿಕ್ಕಂದಿನಿಂದಲೂ ಬಾರದು. ಕಾನ್ವೆಂಟಿನಲ್ಲಿ ಸಿಸ್ಟರ್ ‘ಅರ್ಥವಾಯಿತಾ?’ ಎಂದರೆ ಇಡೀ ಕ್ಲಾಸು ಒಂದೇ ರಾಗದಲ್ಲಿ ‘ಎಸ್ ಸಿಸ್ಟರ್’ ಅನ್ನುತ್ತಿತ್ತು. ಅದೇ ಅಭ್ಯಾಸ ಉಳಿದುಹೋಗಿದೆ.

ಸಾಯಂಕಾಲ ತಿರುಗಿ ಫೋನು ಮಾಡಿ ಕೇಳಿದರಾಯಿತು ಎಂದುಕೊಂಡೆ. ಸಾಯಂಕಾಲ ಮರೆತೆ. ಮರುದಿನ ನೆಂಟರು ಬಂದರು. ಮೂರನೆಯ ದಿನ ನಮ್ಮ ಯಜಮಾನರು ಆಫೀಸಿನಿಂದ ಬಂದವರು ಚಪ್ಪಲಿ ಬಿಡುತ್ತಲೇ, ‘ಶಿರಾದ ನಮ್ಮ ಕಂಪ್ಯೂಟರ್ ರಿಪೇರಿಯವರು ಹೋಗ್ಬಿಟ್ರಂತೆ ಕಣೇ. ಬೆಳಿಗ್ಗೆ ಎದೆನೋವು ಅಂದ್ರಂತೆ, ಅಷ್ಟೇ’ ಎಂದರು.

ನಾನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಮೊದಲು ಹೊಳೆದದ್ದು, ದೇವರು ಕ್ಷಮಿಸಲಿ, ಸಾವಲ್ಲ. ಇನ್ನು ಯಾರನ್ನು ಕೇಳಲಿ ಎಂಬುದು.

ಅವರ ಹೆಸರನ್ನು ನಾನು ಎಂದೂ ಬಾಯಲ್ಲಿ ಹೇಳಿದವಳಲ್ಲ. ನಮ್ಮವರು ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು. ಮಧುಗಿರಿಗೆ ವರ್ಗವಾಗುವ ಮೊದಲು ಶಿರಾದಲ್ಲಿ ಬಹಳ ವರ್ಷ ಇದ್ದೆವು. ಅಲ್ಲಿ ಬಳೆ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ ಒಂದೇ ಬಾಗಿಲಿನ ಅಂಗಡಿ ಅವರದು, ಹಿಂದುಗಡೆಯೇ ಮನೆ. ಹುಟ್ಟೂರು ಹುಲಿಕುಂಟೆ ಕಡೆ. ಮೊದಲು ರೇಡಿಯೋ, ಆಮೇಲೆ ಪಂಪ್‌ಸೆಟ್ಟಿನ ಸ್ಟಾರ್ಟರು, ಆಮೇಲೆ ಟೀವಿ, ಕೊನೆಗೆ ಕಂಪ್ಯೂಟರು. ‘ಇದನ್ನೆಲ್ಲ ಎಲ್ಲಿ ಕಲಿತಿರಿ?’ ಎಂದು ಕೇಳಿದ್ದೆ. ‘ಕಲಿಯಾದೇನೈತೆ ಕಣಮ್ಮ, ಎಲ್ಲದ್ರೊಳಗೂ ಇರಾದು ಒಂದೇ ಕರೆಂಟು. ತಾನು ರೇಡಿಯೋದಲ್ಲಿದೀನೋ ಕಂಪ್ಯೂಟ್ರಲ್ಲಿದೀನೋ ಅಂತ ಅದುಕ್ಕೇನ್ ಗೊತ್ತು?’ ಎಂದಿದ್ದರು.

ಕಂಪ್ಯೂಟರಿನ ಪೆಟ್ಟಿಗೆಗೆ ಅವರು ಡಬ್ಬ ಅನ್ನುತ್ತಿದ್ದರು. ಯಾವ ಡಬ್ಬವನ್ನೇ ಆಗಲಿ, ಬಿಚ್ಚುವ ಮೊದಲು ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟುತ್ತಿದ್ದರು. ಹೊಸ್ತಿಲು ಮುಟ್ಟಿ ನಮಸ್ಕರಿಸುವಂತೆ ಇದೂ ಒಂದು ಭಕ್ತಿ ಎಂದು ನಾನು ತಿಳಿದಿದ್ದೆ. ಒಂದು ದಿನ ನಾನೂ ಗೌರವದಿಂದ ಸರಳು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರು ನಗು ತಡೆಯಲಾರದೆ, ‘ಅಯ್ಯೋ ಅಮ್ಮಾರೆ, ಅದು ದೇವ್ರಲ್ಲ. ಮೈಯಾಗಿರೋ ಚೂರುಪಾರು ಕರೆಂಟು ಇಳೀಲಿ ಅಂತ. ಇಲ್ದಿದ್ರೆ ಒಳ್ಗಡೆ ಬೋರ್ಡಿಗೆ ಹೊಡೀತದೆ’ ಎಂದರು. ಆಮೇಲೆ ನನಗೆ ಬೇಜಾರಾಗದಿರಲಿ ಎಂದೋ ಏನೋ, ‘ಕೈ ಮುಗುದ್ರೂ ತಪ್ಪೇನಿಲ್ಲ ಬುಡಿ’ ಎಂದು ಸೇರಿಸಿದರು.

ಡಬ್ಬ ಬಿಸಿಯಾಗಿದೆಯೇ ಎಂದು ನೋಡುವಾಗ ಅಂಗೈ ಇಡುತ್ತಿರಲಿಲ್ಲ. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವಂತೆ ಮುಂಗೈ ಇಡುತ್ತಿದ್ದರು. ರೋಗದ ಹೆಸರುಗಳೂ ಹಾಗೇ. ಫ್ಯಾನು ಸದ್ದು ಮಾಡಿದರೆ ಉಬ್ಬಸ. ನಿಧಾನವಾದರೆ ಮರೆವು. ತಾನಾಗಿ ಆರಿಹೋದರೆ ತಲೆಸುತ್ತು. ಆಸ್ಪತ್ರೆಯ ಬಿಳಿ ಪ್ಲಾಸ್ಟರು ಹರಿದು ಪ್ರತಿ ಡಬ್ಬಕ್ಕೂ ಅಂಟಿಸಿ, ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಯಜಮಾನರ ಗುರುತನ್ನೂ ಕಾಯಿಲೆಯನ್ನೂ ಬರೆಯುತ್ತಿದ್ದರು. ನಮ್ಮದರ ಮೇಲೆ ಯಾವಾಗಲೂ ಒಂದೇ ಬರಹ: ‘ದನದ ಡಾಕ್ಟ್ರು ಮಗಳು.’ ಕೆಳಗೆ ಆ ಸಲದ ಕಾಯಿಲೆ. ನಮ್ಮವರು ಡಾಕ್ಟರಲ್ಲ, ಇನ್ಸ್‌ಪೆಕ್ಟರು ಎಂದು ನಾನು ತಿದ್ದಲು ಹೋದೆ. ‘ದನಕ್ಕೆ ವ್ಯತ್ಯಾಸ ಗೊತ್ತಾಗ್ತದಾ?’ ಎಂದರು.

ಅವರ ನಿಜವಾದ ವಿದ್ಯೆ ಮಾತ್ರ ಧೂಳಿನದು. ಬಣ್ಣ ಹೊಡೆಯುವ ಬ್ರಷ್ಷಿನಿಂದ ಒಳಗಿನ ಧೂಳನ್ನು ಪೇಪರಿನ ಮೇಲೆ ಕೆಡವಿ, ಬೆರಳಲ್ಲಿ ಉಜ್ಜಿ, ಡಬ್ಬ ಯಾವ ಊರಿನದು ಎಂದು ಹೇಳುತ್ತಿದ್ದರು. ಒಮ್ಮೆ ನಾನಿದ್ದಾಗಲೇ ಒಬ್ಬರು ಬಂದರು.

‘ನಿಮ್ದು ಪಾವಗಡದ ಕಡೆ. ತಿರುಮಣಿ ಹತ್ರ ಅಲ್ವಾ?’

‘ಅವ್ದು ಸಾರ್! ಹೆಂಗ್ ಗೊತ್ತಾಯ್ತು?’

‘ನಿಮ್ ಡಬ್ಬನೇ ಹೇಳ್ತು. ಇಷ್ಟು ನುಣ್ಣಗಿನ ಒಣ ಮಣ್ಣು ಇನ್ನೆಲ್ಲೈತೆ? ಮುಖಕ್ಕೆ ಹಾಕ್ಕಬೋದು, ಬರಾಬರ್ ಪೌಡ್ರು!’

ಕೊಳಾಲದ ಡಬ್ಬದಲ್ಲಿ ಹೊಂಗೆ ಹೂವು ಸಿಗುತ್ತಿತ್ತಂತೆ. ಹುಲಿಕುಂಟೆಯದಾದರೆ ಕುರಿಯ ತುಪ್ಪಟದ ಎಳೆ. ನಮ್ಮದರಲ್ಲಿ ರಾಗಿಹಿಟ್ಟು, ರಂಗೋಲಿ ಪುಡಿ, ಊದುಗಡ್ಡಿಯ ಬೂದಿ. ‘ದೇವ್ರ ಮನೆ ಪಕ್ಕದಾಗೇ ಇಟ್ಟಿದೀರಾ?’ ಎಂದರು. ಹೌದು, ಅಲ್ಲೇ ಇಟ್ಟಿದ್ದೆವು. ನನಗೆ ಮನೆಗೇ ಬಂದು ಹೋದವರ ಎದುರು ನಿಂತ ಹಾಗೆ ಸಂಕೋಚವಾಯಿತು.

ಆ ಡಬ್ಬವನ್ನು ಮಗಳಿಗಾಗಿ ಅವರೇ ಕೂಡಿಸಿಕೊಟ್ಟಿದ್ದರು. ಹೈಸ್ಕೂಲಿನಲ್ಲಿದ್ದಾಗ ಅವಳು ಗೇಮಿಂಗ್ ಕಂಪ್ಯೂಟರೇ ಬೇಕೆಂದು ಎರಡು ದಿನ ಊಟ ಬಿಟ್ಟಿದ್ದಳು. ಪಕ್ಕದಲ್ಲಿ ಗಾಜು, ಒಳಗೆ ಕೆಂಪು ಹಸಿರು ನೀಲಿ ದೀಪ. ಮೊದಲ ಸಲ ಹೊತ್ತಿದಾಗ ಅವರು, ‘ಮದ್ವೆ ಚಪ್ರ ಆಯ್ತು ಕಣವ್ವ, ಇನ್ನು ಗಂಡು ಒಬ್ಬ ಬರ್ಬೇಕು’ ಎಂದು ಅವಳನ್ನು ರೇಗಿಸಿದ್ದರು. ಆಮೇಲೆ ಅವಳು ಕೃಷಿ ಕಾಲೇಜಿಗೆ ಸೇರಿ ಹಾಸ್ಟೆಲಿಗೆ ಹೋದಳು. ಆಟವೆಲ್ಲ ಫೋನಿಗೆ ಬಂತು. ಡಬ್ಬ ಇಲ್ಲೇ ಉಳಿಯಿತು. ‘ವಾರಕ್ಕೊಂದಪನಾದ್ರೂ ಹಚ್ಚಿ ಬುಡಿ ಅಮ್ಮಾರೆ. ಸುಮ್ನೆ ಮಡಗಿದ್ರೆ ಬೋರ್‌ವೆಲ್ ಮೋಟ್ರು ಹಿಡ್ಕಂಡಂಗೆ ಹಿಡ್ಕಂಬುಡ್ತದೆ’ ಎಂದು ಅವರು ಹೇಳಿದರು.

ಎಲ್ಲ ಶುರುವಾದದ್ದು ಹಾಗೆ. ಹೇಳಿದರಲ್ಲಾ ಎಂದು ವಾರಕ್ಕೊಮ್ಮೆ ಹಚ್ಚುತ್ತಿದ್ದೆ. ಹಚ್ಚಿ ಸುಮ್ಮನೆ ಕೂರುವುದು ಹೇಗೆ? ಮಗಳು ಬಿಟ್ಟುಹೋಗಿದ್ದ ಆಟಗಳಲ್ಲಿ ಬಂದೂಕಿಲ್ಲದ್ದು ಒಂದೇ ಇತ್ತು, ಲಾರಿ ಓಡಿಸುವುದು. ಯಾವುದೋ ಚಳಿದೇಶದ ರಸ್ತೆಗಳು. ಸಾಮಾನು ತುಂಬಿಕೊಂಡು ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕು. ಅಷ್ಟೇ ಆಟ. ಊರುಗಳ ಹೆಸರು ಓದಲು ಬರುತ್ತಿತ್ತು, ಹೇಳಲು ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೆ ನಾನೇ ಹೆಸರಿಟ್ಟೆ. ಮಂಜಿನೂರು, ಹಡಗಿನೂರು, ಗಂಟೆಗೋಪುರದೂರು. ನಾನು ನಿಜದಲ್ಲಿ ಸ್ಕೂಟರನ್ನೂ ಓಡಿಸಿದವಳಲ್ಲ. ಮದುವೆಯಾದ ಹೊಸದರಲ್ಲಿ ಕಲಿಯಲು ಹೋಗಿ ಬೇಲಿಗೆ ನುಗ್ಗಿಸಿದ ಮೇಲೆ ಆ ಸುದ್ದಿ ನಿಂತಿತ್ತು. ಇಲ್ಲಿ ಹದಿನೆಂಟು ಚಕ್ರದ ಲಾರಿ ನನ್ನ ಮಾತು ಕೇಳುತ್ತಿತ್ತು. ಮಧ್ಯಾಹ್ನ ಪಾತ್ರೆ ತೊಳೆದು, ಸೆರಗು ಸಿಕ್ಕಿಸಿಕೊಂಡು ಕೂತರೆ ನಾಲ್ಕರ ಹಾಲಿನವನು ಕೂಗುವವರೆಗೆ ನಾನು ಮಧುಗಿರಿಯಲ್ಲಿ ಇರುತ್ತಿರಲಿಲ್ಲ. ವಾರಕ್ಕೊಂದು ದಿನ ಹೋಗಿ ದಿನಕ್ಕೊಂದು ಸಲವಾಯಿತು. ಯಾರಿಗೂ ಹೇಳಲಿಲ್ಲ. ಮಗಳ ಮದುವೆ ಮಾಡುವ ವಯಸ್ಸಿನಲ್ಲಿ ಲಾರಿ ಓಡಿಸುತ್ತೇನೆ ಎಂದು ಯಾರ ಮುಂದೆ ಹೇಳುವುದು?

ಒಬ್ಬರಿಗೆ ಮಾತ್ರ ಗೊತ್ತಾಯಿತು. ಒಂದು ಸಲ ಉಬ್ಬಸವೆಂದು ಡಬ್ಬವನ್ನು ಶಿರಾಕ್ಕೆ ಒಯ್ದಿದ್ದೆ. ಅವರು ಫ್ಯಾನು ಬಿಚ್ಚಿದರು. ನೋಡಿದರು. ಚಿಮಟದಿಂದ ಮೆಲ್ಲಗೆ ಏನನ್ನೋ ಎಳೆದರು. ಉದ್ದನೆಯ ಕೂದಲು. ಒಂದಲ್ಲ, ಒಂದು ಹಿಡಿಯಷ್ಟು, ಫ್ಯಾನಿನ ನಡುವಿಗೆ ದಾರದುಂಡೆಯ ಹಾಗೆ ಸುತ್ತಿಕೊಂಡಿತ್ತು. ಕೆಲವು ಬೆಳ್ಳಗಿದ್ದವು. ಮಗಳದು ಕಿವಿಯವರೆಗಿನ ಕ್ರಾಪು, ಸಾಲದ್ದಕ್ಕೆ ಅವಳು ಮನೆಯಲ್ಲೇ ಇರಲಿಲ್ಲ. ಅವರು ನನ್ನ ಜಡೆಯ ಕಡೆ ನೋಡಲಿಲ್ಲ. ಕೂದಲನ್ನು ಕಸಕ್ಕೂ ಹಾಕಲಿಲ್ಲ. ಪೇಪರಿನಲ್ಲಿ ಪೊಟ್ಟಣ ಕಟ್ಟಿ ನನ್ನ ಚೀಲದ ಮೇಲಿಟ್ಟು, ‘ಹೆಣ್ಮಕ್ಳು ಕೂದ್ಲು ಅಂಗಡೀಲಿ ಬಿಸಾಡ್ಬಾರ್ದು ಅಮ್ಮಾರೆ. ಕೂದ್ಲು ತಗಂಡು ಪಿನ್ನು ಕೊಡೋಳು ಬತ್ತಾಳಲ್ಲ, ಅವ್ಳಿಗೆ ಕೊಡಿ’ ಎಂದರು. ಮತ್ತೆ ಕೆಲಸದಲ್ಲಿ ಮುಳುಗಿದರು. ಹೊರಡುವಾಗ ಮಾತ್ರ, ‘ಡಬ್ಬನ ಸ್ವಲ್ಪ ಎತ್ರಕ್ಕೆ ಇಡ್ಸಿ. ಮಗ್ಳಿಗೆ ಹೇಳಿ’ ಎಂದರು. ‘ಮಗಳಿಗೆ’ ಎನ್ನುವಾಗ ಅವರ ಮುಖ ಎಷ್ಟು ಗಂಭೀರವಾಗಿತ್ತೆಂದರೆ ನನಗೂ ಗಂಭೀರವಾಗಿ ‘ಹೇಳ್ತೀನಿ’ ಎನ್ನದೆ ಗತಿಯಿರಲಿಲ್ಲ.

ಈ ವರ್ಷ ಡಬ್ಬಕ್ಕೆ ತಲೆಸುತ್ತು ಶುರುವಾಯಿತು. ಹಡಗಿನೂರು ದಾಟಿದ ಮೇಲೆ ಒಂದು ಉದ್ದನೆಯ ಸೇತುವೆ ಬರುತ್ತದೆ, ಏರು ಸೇತುವೆ, ಕೆಳಗೆ ಸಮುದ್ರ. ಲಾರಿ ಆ ಏರು ಹತ್ತಿತೋ, ಡಬ್ಬ ಒಮ್ಮೆ ಗುರ್ ಅಂದು ಆರಿಹೋಗುತ್ತಿತ್ತು. ಮತ್ತೆ ಹಚ್ಚಿದರೆ ಲಾರಿ ಹಡಗಿನೂರಿನಲ್ಲೇ. ಹನ್ನೊಂದು ಸಲ ಪ್ರಯತ್ನಿಸಿದೆ. ಹನ್ನೊಂದು ಸಲವೂ ಸೇತುವೆಯ ಈಚೆಗೇ ಉಳಿದೆ.

ಡಬ್ಬ ತಾನಾಗಿ ಆರುತ್ತಿದೆ ಎಂದಷ್ಟೇ ಹೇಳಿದೆ, ಮನೆಯಲ್ಲಿ ಮಾತು ಎದ್ದಿತು. ‘ಹಾಳಾದ್ದನ್ನ ತೆಗೆದು ಒಂದು ಲ್ಯಾಪ್‌ಟಾಪ್ ತರೋಣ, ನನ್ನ ಆಫೀಸ್ ಕೆಲಸಕ್ಕೂ ಆಗತ್ತೆ. ಮುದಿ ಎತ್ತಿನ ಕೊಂಬಿಗೆ ಹೊಸ ಹಿತ್ತಾಳೆ ಅಣಸು ಹಾಕಿದ್ರೆ ಅದು ಉಳುಮೆ ಮಾಡತ್ತಾ?’ ಎಂದರು ಇವರು. ಮಗಳು ಫೋನಿನಲ್ಲಿ, ‘ಅಮ್ಮಾ, ಕೊಟ್ಟುಬಿಡು. ಯಾರು ಆಡ್ತಾರೆ ಈಗ ಅದ್ರಲ್ಲಿ?’ ಎಂದಳು. ಯಾರು ಆಡ್ತಾರೆ! ಅವರ ಆಫೀಸಿನ ಕೆಲಸದ ಲ್ಯಾಪ್‌ಟಾಪಿನಲ್ಲಿ ನನ್ನ ಲಾರಿ ಓಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಕೇಳಿದರೆ ಹೇಳುವಂತಿರಲಿಲ್ಲ. ‘ಒಂದ್ಸಲ ಶಿರಾದವರಿಗೆ ತೋರಿಸಿಬಿಡೋಣ, ರಿಪೇರಿ ಮಾಡಿಸೋದಾ ಹೊಸದು ತರೋದಾ ಅವರೇ ಹೇಳಲಿ’ ಎಂದೆ.

ಹಳೆಯ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ‘ಏನಮ್ಮಾ ಅದು, ಕೋಳಿನಾ? ಕೋಳಿಗೂ ಟಿಕೀಟು ಐತೆ’ ಎಂದ ಕಂಡಕ್ಟರು.

‘ಕಂಪ್ಯೂಟರಪ್ಪ.’

‘ಉಸ್ರಾಡ್ತದಾ?’

‘ಸರಿಯಾಗಿ ಆಡ್ತಿಲ್ಲ. ಅದಕ್ಕೇ ಶಿರಾಕ್ಕೆ ಕರ್ಕೊಂಡು ಹೋಗ್ತಿರೋದು.’

ಬಸ್ಸೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಅಂದು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲು ಎಳೆದು ನನ್ನೆದುರು ಕೂತು ಹೇಳಿದ್ದು ಇದು. ‘ನೋಡಿ ಅಮ್ಮಾರೆ, ಇದ್ರ ಗ್ರಾಫಿಕ್ಸ್ ಕಾರ್ಡು ಹಳೇದಾಯ್ತು. ಅದೊಂದು ಬದ್ಲಾಯ್ಸಾನ ಅಂದ್ರೆ ಅದುಕ್ಕೆ ಕರೆಂಟು ಜಾಸ್ತಿ ಬೇಕು, ಪವರ್ ಡಬ್ಬಿ ತಡೀಯಕಿಲ್ಲ. ಅದ್ನೂ ಹಾಕುದ್ರೆ ಪ್ರೊಸೆಸರು ಹಿಂದೆ ಬೀಳ್ತದೆ. ಅದ್ನ ಹಾಕಾನ ಅಂದ್ರೆ ಈ ಬೋರ್ಡಿಗೆ ಕೂರಕಿಲ್ಲ. ಬೋರ್ಡು ಬದ್ಲಾಯ್ಸುದ್ರೆ ರ್‍ಯಾಮು ಬದ್ಲಾಯ್ಸಬೇಕು. ಬಾಗ್ಲು ಸರಿ ಮಾಡ್ಸಕ್ಕೋದ್ರೆ ಚೌಕಟ್ಟು, ಚೌಕಟ್ಟಿಗೋದ್ರೆ ಗೋಡೆ. ಕೊನೀಗೆ ಹಳೇದು ಅಂತ ಉಳಿಯಾದು ಈ ತಗಡು, ಈ ಚಪ್ರದ ದೀಪ.’

‘ಹಾಗಾದರೆ ಅದು ಹಳೇ ಕಂಪ್ಯೂಟರೇ ಆಗಿರತ್ತಾ, ಹೊಸದಾ?’

ಅವರು ತಲೆ ಕೆರೆದುಕೊಂಡರು. ‘ಅದೇ ನಂಗೂ ಗೊತ್ತಾಗಕಿಲ್ಲ ಕಣಮ್ಮ. ಇಷ್ಟು ವರ್ಸ ಆಯ್ತು, ಇನ್ನೂ ಗೊತ್ತಾಗಿಲ್ಲ.’

‘ನೀವೇ ಹೀಗಂದರೆ?’

‘ನಾನೇನ್ ಹೇಳ್ಲಿ? ಯಾರ್ ಆಡ್ತಾರೆ, ಏನ್ ಆಡ್ತಾರೆ ಅಂದ್ರೆ ಹೇಳ್ಬೋದು. ಬಂದೂಕಿನ ಆಟ ಆಡೋರಿಗೆ ಹೊಸ್ದೇ ಬೇಕು. ಏನೋ ನಿಧಾನಕ್ಕೆ ಆಡ್ಕಂಡಿರೋರಿಗೆ ಇದೇ ಇನ್ನಷ್ಟು ದಿನ ಓಡ್ತದೆ. ಯಾರ್ ಆಡೋದು?’

‘ಮಗಳು’ ಎಂದೆ.

‘ಮಗ್ಳು ಹಾಸ್ಟಲ್ಲಾಗೆ ಅವ್ಳಲ್ಲ?’

‘ರಜಕ್ಕೆ ಬಂದಾಗ…’

ಅವರು ಬ್ರಷ್ಷು ಕೊಡವಿದರು. ‘ಕಾಯ್ಲೆ ಯಾರ್ಗೆ ಅಂತ ಹೇಳ್ದೆ ಔಷ್ದಿ ಕೇಳುದ್ರೆ ಹೆಂಗೆ ಅಮ್ಮಾರೆ?’ ಎಂದರು, ಬೈಯುವ ದನಿಯಲ್ಲಲ್ಲ. ಉತ್ತರಕ್ಕೆ ಕಾದರು. ನಾನು ಬಳೆ ಅಂಗಡಿಯ ಕಡೆ ನೋಡಿದೆ. ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ‘ಸರಿ, ಬುಟ್ಟೋಗಿ. ನೋಡಿ ಫೋನ್ ಮಾಡ್ತೀನಿ’ ಎಂದರು. ಮಾಡಿದರು. ಆಗ ಕುಕ್ಕರು ಕೂಗಿತು.

ಅವರು ಹೋದ ಸುದ್ದಿ ಬಂದ ಮೇಲೆ ನಾನು ಆ ಒಂದು ಮಾತನ್ನು ಹಿಡಿದುಕೊಂಡು ಎಲ್ಲರನ್ನೂ ಕೇಳಿದೆ. ‘ಬುಟ್ಬುಡಿ ಅಂದ್ರೆ ಇನ್ನೇನು, ಆಸೆ ಬಿಡಿ ಅಂತ. ನಾವೂ ಹಾಗೇ ಅಂತೀವಿ, ಈ ಹಸು ಉಳಿಯಲ್ಲ, ಬಿಟ್ಬಿಡಿ’ ಎಂದರು ಇವರು. ಮಗಳು, ‘ಅಂಗಡೀಲೇ ಬಿಟ್ಟುಬಿಡಿ ಅಂತ ಇರ್ಬೇಕಮ್ಮ. ಬಿಡಿಭಾಗಕ್ಕೆ ಆಗತ್ತಲ್ಲ’ ಎಂದಳು. ನನಗೇನೋ, ಏನೂ ಮಾಡಬೇಡಿ, ಇದ್ದ ಹಾಗೇ ಇರಲಿ ಬಿಡಿ ಎಂದಿರಬಹುದು ಅನಿಸಿತು. ಒಂದೇ ಮಾತು. ಒಂದು ಅರ್ಥಕ್ಕೆ ಡಬ್ಬ ಸತ್ತಿತ್ತು, ಇನ್ನೊಂದಕ್ಕೆ ಬದುಕಿತ್ತು.

ತಿಥಿಯಾದ ಮೇಲೆ ನಾವಿಬ್ಬರೂ ಶಿರಾಕ್ಕೆ ಹೋದೆವು. ಅವರ ಹೆಂಡತಿ ಪಾವಗಡದ ಆಚೆಯವರು, ಬಾಯಿ ತೆರೆದರೆ ತೆಲುಗು ಮೊದಲು ಬರುತ್ತದೆ. ನನ್ನ ಕೈ ಹಿಡಿದು ಕೂರಿಸಿದರು. ಕಾಫಿ ಕೊಟ್ಟರು. ನಾನು ತಡೆಯಲಾರದೆ ಆ ಮಾತನ್ನು ಅವರ ಮುಂದೂ ಇಟ್ಟೆ. ಅವರು ಅಳುತ್ತಿದ್ದವರು ನಕ್ಕುಬಿಟ್ಟರು. ‘ಬುಟ್ಬುಡಿನಾ? ಅಯ್ಯೋ ತಲ್ಲೀ, ಅದು ಎಲ್ಲದುಕ್ಕೂ ಹೇಳೋರು. ಸಾರಿಗೆ ಉಪ್ಪು ಸಾಲ್ದು ಅಂದ್ರೂ ಬುಟ್ಬುಡು, ಸೀರೆ ಯಾವ್ದು ಉಡ್ಲಿ ಅಂದ್ರೂ ಬುಟ್ಬುಡು. ನಾಕೇಮಿ ತೆಲುಸಮ್ಮಾ, ನಂಗೇನ್ ಗೊತ್ತು, ಅವ್ರನ್ನೇ ಕೇಳ್ಬೇಕಿತ್ತು.’

ಆಮೇಲೆ ಅಂಗಡಿಯ ಬಾಗಿಲು ತೆಗೆದರು. ಗೋಡೆಯ ಹಲಗೆಯ ಮೇಲೆ ಹತ್ತು ಹನ್ನೆರಡು ಡಬ್ಬ, ಎಲ್ಲ ಕಪ್ಪು, ಎಲ್ಲದಕ್ಕೂ ಗಾಜು. ದೀಪ ಹೊತ್ತದಿದ್ದರೆ ಒಂದಕ್ಕೂ ಇನ್ನೊಂದಕ್ಕೂ ಗುರುತೇ ಇಲ್ಲ. ಇವರು ಕನ್ನಡಕ ಏರಿಸಿಕೊಂಡು ಪ್ಲಾಸ್ಟರುಗಳನ್ನು ಓದುತ್ತ ಹೋದರು. ‘ಕೊಳಾಲ ಮೇಷ್ಟ್ರು, ಮರೆವು… ತಿರುಮಣಿ, ಉಬ್ಬಸ… ಬೇಕ್ರಿಯವ್ರು, ಜ್ವರ…’ ಕೊನೆಯವರೆಗೂ ಓದಿದರು. ‘ದನದ ಡಾಕ್ಟ್ರು ಮಗಳು’ ಇರಲಿಲ್ಲ. ಮತ್ತೆ ಮೊದಲಿಂದ ಓದಿದರು. ಇರಲಿಲ್ಲ.

‘ಬಿಡಿಭಾಗಕ್ಕೆ ಬಿಚ್ಚಿರ್ಬೇಕು ಕಣೇ. ಅವರೇ ಹೇಳಿದಾರಲ್ಲ, ಬಿಟ್ಬಿಡಿ ಅಂತ. ನಡಿ ಹೋಗೋಣ, ಪಾಪ ಇವರಿಗೆ ಯಾಕೆ ತೊಂದರೆ’ ಎಂದರು.

ನಾನು ಕೆಳಗಿನ ಸಾಲಿನ ಮೂಲೆಯಲ್ಲಿದ್ದ ಒಂದನ್ನು ನೋಡುತ್ತಿದ್ದೆ. ಪ್ಲಾಸ್ಟರು ಹೊಸದು. ಕಾಯಿಲೆಯ ಹೆಸರಿಲ್ಲ. ಗುಂಡಗಿನ ಅಕ್ಷರದಲ್ಲಿ ಎರಡೇ ಪದ: ‘ಅಮ್ಮಾರ್ ಲಾರಿ.’

‘ಅದಲ್ಲ ಬಾರೇ. ಅದ್ಯಾವುದೋ ಟ್ರಾನ್ಸ್‌ಪೋರ್ಟ್ ಆಫೀಸಿಂದು’ ಎಂದರು ಇವರು. ‘ಅಮ್ಮನವರ ಹೆಸರಿನ ಲಾರಿ ಇಟ್ಕೊಂಡಿರ್ತಾರೆ.’ ರಿಪೇರಿಯವರ ಹೆಂಡತಿಯೂ ಹೌದೇನೋ ಎಂದು ತಲೆಯಾಡಿಸಿದರು. ಇವರು ಬಾಗಿಲ ಕಡೆ ಹೊರಟರು.

ಇನ್ನೆರಡು ಹೆಜ್ಜೆ ಅವರ ಹಿಂದೆ ಹೋದರೆ ಮುಗಿಯಿತು. ಯಾರೂ ಏನೂ ಕೇಳುವುದಿಲ್ಲ. ಹಡಗಿನೂರು ಅಲ್ಲೇ ಇರುತ್ತದೆ, ನಾನು ಮನೆಯಲ್ಲಿರುತ್ತೇನೆ. ಕಿಟಕಿಯ ಸರಳು ಪಕ್ಕದಲ್ಲೇ ಇತ್ತು. ಯಾಕೋ ಅದನ್ನು ಒಮ್ಮೆ ಮುಟ್ಟಿದೆ.

‘ಅದು ನಮ್ಮದೇ ರೀ’ ಎಂದೆ. ‘ನನ್ನದು. ಲಾರಿ ಓಡಿಸೋದು ನಾನು.’

ಇವರು ತಿರುಗಿ ನಿಂತರು. ‘ಯಾವ ಲಾರಿ?’

‘ಅದರೊಳಗಿಂದು.’

‘ನೀನಾ? ಸ್ಕೂಟ್ರನ್ನ ಬೇಲಿಗೆ ನುಗ್ಗಿಸ್ದೋಳು?’

ರಿಪೇರಿಯವರ ಹೆಂಡತಿ ಆಗ ನನ್ನನ್ನು ಹೊಸದಾಗಿ ನೋಡಿದರು. ‘ನೀವೇನಾ ಆ ಅಮ್ಮಾರು? ಅವ್ರು ಹೋಗೋಕೆ ಮುಂಚಿನ ವಾರ ಎರಡು ಮಧ್ಯಾಹ್ನ ಊಟಕ್ಕೂ ಏಳ್ದೆ ಆ ಟೀವಿ ಮುಂದೆ ಕೂತಿದ್ರು. ಏನಯ್ಯಾ ಇದು ಚಿಕ್ಕುಡುಗ್ರಂಗೆ ಅಂದ್ರೆ, ಸುಮ್ಕಿರೇ, ಅಮ್ಮಾರ್ನ ಸೇತ್ವೆ ಹತ್ತುಸ್ತಾವ್ನಿ ಅನ್ನೋರು.’

ಮನೆಗೆ ತಂದು, ಹಚ್ಚುವ ಮೊದಲು ಗಾಜಿನಿಂದ ಒಳಗೆ ನೋಡಿದೆ. ಒಂದು ಎಳೆ ಕೂದಲಿಲ್ಲ. ಎಲ್ಲ ಹಳೆಯದೇ. ಕರೆಂಟು ಕೊಡುವ ಪೆಟ್ಟಿಗೆ ಒಂದು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಇದು ರಿಪೇರಿಯೋ, ಅರ್ಧ ಹೊಸದೋ, ಎಷ್ಟು ದಿನಕ್ಕೋ, ಆಮೇಲೆ ಯಾರನ್ನು ಕೇಳಬೇಕೋ ಒಂದೂ ತಿಳಿಯಲಿಲ್ಲ. ಇವರು ಊಟದ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತರು.

ಲಾರಿ ಕಾಣಿಸಿತು. ಆದರೆ ಹಡಗಿನೂರಿನಲ್ಲಿ ಅಲ್ಲ. ನಾನೆಂದೂ ನೋಡದ ಒಂದು ರಸ್ತೆಯ ಬದಿಯಲ್ಲಿ, ಒಂದು ಚಕ್ರ ಫುಟ್‌ಪಾತಿನ ಮೇಲೆ ಹತ್ತಿಸಿ, ಸೊಟ್ಟಗೆ ನಿಂತಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆ, ದೂರದಲ್ಲಿ, ಆ ಉದ್ದನೆಯ ಸೇತುವೆ. ಅವರು ಅದನ್ನು ದಾಟಿಸಿ, ಮುಖವನ್ನು ಮುಂದಿನ ರಸ್ತೆಗೆ ತಿರುಗಿಸಿ ನಿಲ್ಲಿಸಿ ಹೋಗಿದ್ದರು.

ನಾನು ಕನ್ನಡಿಯಲ್ಲಿ ಕಂಡ ಸೇತುವೆಯ ಕಂಬಗಳನ್ನು ಎಣಿಸುತ್ತ ಕೂತೆ.

‘ಎಷ್ಟೊತ್ತು ನಿಲ್ಲಿಸ್ಕೊಂಡಿರ್ತೀಯೇ?’ ಎಂದರು ಇವರು. ‘ಬಿಡು ಗಾಡಿ.’

ಈ ಅರ್ಥ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವರು ಹೇಳಿದ್ದು ಇದನ್ನೇ ಎಂದು ನಾನು ಆಣೆ ಮಾಡಲಾರೆ. ಸಾರಿಗೆ ಉಪ್ಪು ಸಾಲದಿದ್ದರೂ ಹಾಗೇ ಅನ್ನುತ್ತಿದ್ದರಂತೆ. ಬಲಗಡೆಯ ಇಂಡಿಕೇಟರು ಹಾಕಿದೆ. ಹಿಂದೆ ಯಾರೂ ಬರುತ್ತಿರಲಿಲ್ಲ, ಆದರೂ ಕನ್ನಡಿ ನೋಡಿದೆ. ಫುಟ್‌ಪಾತಿನಿಂದ ಚಕ್ರ ಮೆಲ್ಲಗೆ ಇಳಿಸಿ, ಬಿಟ್ಟೆ.